ಎತ್ತು ಕೊಳ್ಳೋ ಮುಂಚೆ ಮೊದಲ ಹತ್ತು ಹೆಜ್ಜೆ ನೋಡಿ

ಹಳ್ಳಿಕಾರ್ ಜೋಡಿ ಮಾರಾಟದ ವಿಡಿಯೋಗಳು ಈಗ ವಾಟ್ಸಾಪ್‌ನಲ್ಲೇ ಬರ್ತವೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗಂಟೆ, ಹಿಂದೆ ಸಿನಿಮಾ ಹಾಡು. ಎತ್ತು ನಡೆಯೋದು ಮಾತ್ರ ನಾಲ್ಕೇ ಸೆಕೆಂಡು! ತೆಂಗಿನ ಮರ ಬಳಸಿ ಉಳೋಕೆ, ಕಾಯಿ ತುಂಬಿದ ಗಾಡಿ ಎಳೆಯೋಕೆ ಬೇಕಾಗಿರೋದು ಕೊಂಬಲ್ಲ, ಕಾಲು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಟ್ಟಿಗೇ ಹೋಗಿ ಕೊಳ್ಳೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ಎತ್ತು ಇನ್ನೂ ಮಲಗಿರುವಾಗ. ಎಬ್ಬಿಸಿ, ಮೊದಲ ಹತ್ತು ಹೆಜ್ಜೆ ನೋಡಿ. ನಮ್ಮ ಉಳುವ ಎತ್ತುಗಳಲ್ಲಿ ಹಿಂಗಾಲಿನ ಮೊಣಕಾಲ ಚಿಪ್ಪು ಮೇಲಕ್ಕೆ ಸಿಕ್ಕಿಕೊಳ್ಳೋ ತೊಂದರೆ ಬಹಳ. ಕಾಲು ಹಿಂದಕ್ಕೆ ಸೆಟೆದು ನಿಲ್ಲುತ್ತೆ, ಆಮೇಲೆ ಝಾಡಿಸಿದ ಹಾಗೆ ಮುಂದೆ ಬರುತ್ತೆ, ಗೊರಸಿನ ತುದಿ ನೆಲ ಉಜ್ಜುತ್ತೆ. ಸ್ವಲ್ಪ ನಡೆದು ಮೈ ಬಿಸಿಯಾದ್ರೆ ಎಷ್ಟೋ ಸಲ ಇದು ಕಾಣೋದೇ ಇಲ್ಲ. ನೀವು ಬರೋ ಹೊತ್ತಿಗೆ ಎತ್ತನ್ನ ಒಂದು ಸುತ್ತು ನಡೆಸಿಟ್ಟಿದ್ರೆ ಅನುಮಾನ ಪಡಿ. ಹಿಂಗಾಲ ಗೊರಸು ಎತ್ತಿ ನೋಡಿ, ತುದಿ ಸವೆದಿದ್ರೆ ಗುಟ್ಟು ಅಲ್ಲೇ ಇದೆ. ಲಾಳ ಹೊಸದಾಗಿ ಕಟ್ಟಿಸಿದ್ರೆ ಸವೆತ ಗೊತ್ತಾಗಲ್ಲ, ನಡಿಗೆನೇ ನಂಬಬೇಕು.

ಹಾಗಂತ ಅಂಥ ಎತ್ತು ಬೇಡವೇ ಬೇಡ ಅಂತಲ್ಲ. ಪಶುವೈದ್ಯರು ಒಂದು ತಂತು ಕತ್ತರಿಸೋ ಚಿಕ್ಕ ಶಸ್ತ್ರಚಿಕಿತ್ಸೆ ಮಾಡ್ತಾರೆ, ಬಹುತೇಕ ಎತ್ತು ಮತ್ತೆ ಕೆಲಸಕ್ಕೆ ಬರ್ತವೆ. ಆದ್ರೆ ಸರಿಯಿರೋ ಎತ್ತಿನ ಬೆಲೆ ಕೊಡಬೇಡಿ.

ಇನ್ನು ಗಟ್ಟಿ ನೆಲದ ಮೇಲೆ ನಡೆಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ, ಹಿಂದಿನಿಂದ ವಿಡಿಯೋ ಮಾಡ್ಕೊಳ್ಳಿ. ಮುಂಗಾಲು ನೋವಿದ್ರೆ ಆ ಕಾಲು ಊರುವಾಗ ತಲೆ ಮೇಲಕ್ಕೆ ಹೋಗುತ್ತೆ. ಚೆನ್ನಾಗಿ ನಡೆಯೋ ಹಳ್ಳಿಕಾರ್‌ನಲ್ಲಿ ಹಿಂಗೊರಸು ಮುಂಗೊರಸಿನ ಗುರುತಿನ ಮೇಲೋ, ಅದಕ್ಕಿಂತ ಮುಂದೋ ಬೀಳುತ್ತೆ. ನೊಗಕ್ಕೆ ಎಡ ಬಲ ಎರಡೂ ಕಡೆ ಕಟ್ಟಿಸಿ, ಖಾಲಿ ಗಾಡಿಯಾದ್ರೂ ಎಳೆಸಿ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯಲ್ಲೂ ಅಷ್ಟೇ, ಟವೆಲ್ ಕೆಳಗೆ ಬೆರಳು ಹಿಡಿಯೋ ಮುಂಚೆ ಇದೆಲ್ಲ ಮುಗಿದಿರಲಿ.

"ಅಮೃತ ಮಹಲ್ ರಕ್ತ ಐತೆ" ಅಂತ ದಲ್ಲಾಳಿ ಬೆಲೆ ಏರಿಸಿದ್ರೆ, ತಿಪಟೂರು ಪಕ್ಕದ ಕೊನೇಹಳ್ಳಿಯ ಕೇಂದ್ರದಲ್ಲಿ ನಿಜವಾದ ತಳಿ ನೋಡ್ಕೊಂಡು ಬಂದು ಮಾತಾಡಿ.

ಹಲ್ಲು ಎಲ್ಲರೂ ನೋಡ್ತಾರೆ, ಅದನ್ನ ಬಿಡಿ. ಕಿವಿಯ 12 ಅಂಕಿ ಟ್ಯಾಗ್ ಫೋಟೋ ತೆಗೆದು, ಕಾಲುಬಾಯಿ ಲಸಿಕೆ ಹಾಕಿದ್ದಾರಾ ಅಂತ ನಿಮ್ಮೂರ ಪಶು ಆಸ್ಪತ್ರೆಯಲ್ಲಿ ಕೇಳಿ. 2020ರ ಜಾನುವಾರು ಕಾಯ್ದೆ ಬಂದ ಮೇಲೆ ದಾರಿಯಲ್ಲಿ ವಾಹನ ತಡೆದು ಕಾಗದ ಕೇಳ್ತಾರೆ. ಖರೀದಿ ಚೀಟಿ, ವೈದ್ಯರ ಪ್ರಮಾಣಪತ್ರ ಎರಡೂ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.