ಪಿಸ್ತೂಲು ಮುಷ್ಕರ ಹೂಡಿದಾಗ

ನಾಲ್ಕು ಸೆಕೆಂಡು, ಐದು ಗುಂಡು, ಐದು ಗುರಿ! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಂದ್ಯದ ಲೆಕ್ಕ ಇದು. ಮೂರನೇ ಗುಂಡಿಗೇ .22 ಪಿಸ್ತೂಲು ಮುಷ್ಕರ ಹೂಡಿದರೆ? ವರ್ಷಗಟ್ಟಲೆ ಮಾಡಿದ ತಾಲೀಮು ಗೋವಿಂದ!

ಗುರಿಗಾರರು ಕೂಡಲೇ ಸ್ಪ್ರಿಂಗಿನ ಮೇಲೆ ಗೂಬೆ ಕೂರಿಸ್ತಾರೆ. ಪಾಪ, ಬಹಳ ಸಲ ಅದು ನಿರಪರಾಧಿ. ಗುಂಡು ಹಾರಿದ ಹಿನ್ನೂಕಿನಿಂದಲೇ ಸ್ಲೈಡು ಹಿಂದೆ ಸರಿದು, ಖಾಲಿ ತೋಟಾ ಉಗುಳಿ, ಹೊಸದನ್ನು ಒಳಗೆ ತಳ್ಳಬೇಕು. .22 ತೋಟಾದ ಕಸುವೇ ಕಡಿಮೆ. ಸೀಸದ ಗುಂಡಿಗೆ ಸವರಿದ ಮೇಣ, ಮದ್ದಿನ ಮಸಿ ಸೇರಿ ನಳಿಕೆಯ ಹಿಂಬದಿಯ ಗೂಡಿನಲ್ಲಿ ಜಿಡ್ಡು ಕಟ್ಟಿದರೆ ತೋಟಾ ಅಲ್ಲೇ ಕಚ್ಚಿಕೊಳ್ತದೆ. ಒರೆಸದೆ ಎಣ್ಣೆ ಸುರಿದರೆ ಇನ್ನಷ್ಟು ಮಸಿ ಹಿಡೀತದೆ, ಅಷ್ಟೆ.

ಒಂದೇ ಮ್ಯಾಗಜಿನ್ನಿನಲ್ಲಿ ಸಿಕ್ಕಿಕೊಂಡರೆ ಅದರ ತುಟಿ ಬಾಗಿದೆಯೇ ನೋಡಬೇಕು. ಒಂದೇ ಕಂಪನಿಯ ತೋಟಾ ರಗಳೆ ಮಾಡಿದರೆ ಬೇರೆಯದು ಹಾಕಬೇಕು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕಳ್ಳ ಸಿಗೋದಿಲ್ಲ.

ಕುದುರೆ ಎಳೆದರೂ ಗುಂಡು ಹಾರಲಿಲ್ಲವೇ? ನಳಿಕೆ ಗುರಿಯತ್ತಲೇ ಇರಲಿ, 30 ಸೆಕೆಂಡು ಕಾಯಿರಿ. ಸದ್ದು ಬರೇ ‘ಠುಸ್’ ಎಂದರಂತೂ ಮತ್ತೆ ಎಳೆಯಲೇಬಾರದು. ಹಿಂದಿನ ಗುಂಡು ನಳಿಕೆಯಲ್ಲೇ ಕೂತಿರಬಹುದು.