ಮದರಾಸಿಗೂ ಮೊದಲು ಬೆಂಗಳೂರಿನ ಬಯಲು

ಭಾರತದ ಮಹಾ ತ್ರಿಕೋನಮಿತಿ ಮೋಜಣಿಯ ನೆನಪಿಗೆ ಅಂಚೆ ಇಲಾಖೆ 2004ರ ಜೂನ್ 27ರಂದು ಅಂಚೆಚೀಟಿಗಳನ್ನು ಹೊರತಂದಿತು. ಮೋಜಣಿಗೆ ಇನ್ನೂರು ವರ್ಷ ತುಂಬಿದ್ದು 2002ರ ಏಪ್ರಿಲ್ 10ಕ್ಕೆ. ಟಪಾಲು ಎರಡು ವರ್ಷ ತಡವಾಯಿತು, ಇರಲಿ. ಚೀಟಿಗಳಲ್ಲಿ ಎರಡು ಮುಖಗಳಿವೆ. ಒಬ್ಬರು ಎವರೆಸ್ಟ್ ಎತ್ತರದ ಲೆಕ್ಕದ ಹಿಂದಿದ್ದ ಗಣಿತಜ್ಞ ರಾಧಾನಾಥ ಸಿಕ್ದಾರ್. ಇನ್ನೊಬ್ಬರು ನೈನ್ ಸಿಂಗ್. ನೂರು ಹೆಜ್ಜೆಗೊಂದು ಜಪಮಣಿ ಸರಿಸುತ್ತಾ, ವೇಷ ಮರೆಸಿಕೊಂಡು ಲಾಸಾವರೆಗೆ ನಡೆದು ಟಿಬೆಟ್ಟನ್ನು ಅಳೆದವರು.

ಅಧಿಕೃತ ಲೆಕ್ಕದಲ್ಲಿ ಮೋಜಣಿ ಶುರುವಾದದ್ದು ಮದರಾಸಿನಲ್ಲಿ. ಆದರೆ ಮೋಜಣಿಯ ರೂವಾರಿ ವಿಲಿಯಂ ಲ್ಯಾಂಬ್ಟನ್ ಅದರ ತಾಲೀಮು ನಡೆಸಿದ್ದು 1800ರಲ್ಲೇ, ಟಿಪ್ಪು ಮಡಿದ ಮರುವರ್ಷ, ಬೆಂಗಳೂರಿನ ಹೊರಬಯಲಿನಲ್ಲಿ. ಕೈಯಲ್ಲಿದ್ದದ್ದು ನೂರು ಅಡಿಯ ಉಕ್ಕಿನ ಸರಪಳಿ. ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಯಲ್ಲಿ ಕೈ ಬದಲಾಯಿಸಿ ಬಂದ ಸರಪಳಿ ಅದು!

ಅದರಿಂದ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಅಳೆದರು. ಸುಲಭವೆನಿಸಬಹುದು. ಆದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವನ್ನು ಗಮನಿಸದೆ ಬಿಟ್ಟರೆ 12 ಕಿಲೋಮೀಟರಿಗೆ ಒಂದೂಕಾಲು ಮೀಟರಿಗೂ ಹೆಚ್ಚು ತಪ್ಪು ಸೇರುತ್ತದೆ. ಹಾಗಾಗಿ ಸರಪಳಿಯ ಜೊತೆಗೆ ಉಷ್ಣಮಾಪಕವೂ ಬೇಕು, ಓದಿದ ಅಂಕಿಗೆ ತಕ್ಕಂತೆ ಉದ್ದವನ್ನು ತಿದ್ದಲೂ ಬೇಕು.

ಇಷ್ಟೆಲ್ಲ ಒದ್ದಾಟ ಒಂದೇ ಗೆರೆಗೆ. ತ್ರಿಕೋನದ ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದೆರಡು ಬಾಹುಗಳು ಲೆಕ್ಕದಲ್ಲೇ ಸಿಗುತ್ತವೆ. ಅವುಗಳಲ್ಲೊಂದರ ಮೇಲೆ ಮುಂದಿನ ತ್ರಿಕೋನ, ಅದರ ಮೇಲೆ ಮತ್ತೊಂದು. ಬೆಟ್ಟದಿಂದ ಬೆಟ್ಟಕ್ಕೆ ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಹೊತ್ತು ಕೋನ ನೋಡಿದರಾಯಿತು (ಹೊತ್ತವರ ಹೆಸರು ಯಾವ ಚೀಟಿಯಲ್ಲೂ ಇಲ್ಲ). ಮದರಾಸಿನಿಂದ ಹೀಗೆ ತ್ರಿಕೋನ ಹೆಣೆಯುತ್ತಾ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಲ್ಯಾಂಬ್ಟನ್‌ರ ಸಹಾಯಕ ಜಾನ್ ವಾರನ್ ಮತ್ತೊಂದು ಗೆರೆಯನ್ನು ನೆಲದ ಮೇಲೇ ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ನನ್ನ ಮಟ್ಟಿಗೆ ಚೀಟಿಗೆ ಅರ್ಹವಾದ ದಿನ ಅದೇ.

1868ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅಳತೆ ನಡೆಯಿತು. ಆ ಗೆರೆಯ ಒಂದು ತುದಿಯ ಗುರುತು ಮೇಖ್ರಿ ವೃತ್ತದ ಬಳಿಯಿದೆ. ಇನ್ನೊಂದು ತುದಿ, ಹೆಣ್ಣೂರು–ಬಾಗಲೂರು ರಸ್ತೆ ಕಡೆಯ ಕಣ್ಣೂರಿನ ಕಟ್ಟಡ, 2024ರಲ್ಲಿ ಇಲ್ಲವಾಯಿತು.

ಇಂದು ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದಲ್ಲಿಳಿದು ಆಟೊ ಕರೆದರೆ, ಫೋನು ನಮ್ಮ ಜಾಗ ಗುರುತಿಸುವ ದಾರಿ ಈ ತ್ರಿಕೋನದ ಲೆಕ್ಕಕ್ಕೆ ತಿರುವುಮುರುವು. ಅದು ಕೋನವನ್ನೇ ನೋಡುವುದಿಲ್ಲ. ಉಪಗ್ರಹಗಳ ಸಂಕೇತ ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದ ದೂರಗಳನ್ನಷ್ಟೇ ಎಣಿಸುತ್ತದೆ. ಮೂರು ದೂರ ಸಾಕಿತ್ತು. ಆದರೆ ಫೋನಿನ ಗಡಿಯಾರ ನಂಬಿಕಸ್ಥವಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರ 300 ಮೀಟರ್ ಕೆಡುತ್ತದೆ. ಆ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ಅಷ್ಟಾದರೂ ಅಲ್ಲಿನ ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಲಿನ ಗಾಜಿನ ಗೋಡೆಗಳಿಗೆ ತಾಗಿ ಬಂದ ಸಂಕೇತ ಸುತ್ತು ದಾರಿ ಹಿಡಿದಿರುತ್ತದೆ. ದೂರ ಹೆಚ್ಚೆಂದು ಫೋನು ತಿಳಿಯುತ್ತದೆ, ಆಟೊ ರಸ್ತೆಯ ಆಚೆ ಬದಿಗೆ ಬಂದು ನಿಲ್ಲುತ್ತದೆ.