ಶಾಲೆಯ ನಂಬರು, ಕಾಲೇಜಿನ ಆಟ

ನಮ್ಮಲ್ಲಿ ಕಬಡ್ಡಿ, ಖೋಖೋ ಆಟಗಾರರನ್ನು ತಾಲೂಕಾ, ಜಿಲ್ಲಾ ಪಂದ್ಯ ಆಡಿಸಿ ಆರಿಸುತ್ತಾರೆ. ಅಮೇರಿಕಾದಲ್ಲಿ ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲ್ ಹುಡುಗಿಯರಿಗೆ ನಂಬರೇ ಕೊಡುತ್ತಾರೆ. ಅದನ್ನೂ ನೋಡಿ ಕಾಲೇಜಿನವರು ಕರೀತಾರೆ. ಆ ನಂಬರು ಖರೆ ಆಗ್ತದೇನು?

2020ರ ಇಎಸ್‌ಪಿಎನ್ ಪಟ್ಟಿಯಲ್ಲಿ ಪೇಜ್ ಬ್ಯೂಕರ್ಸ್ ಮೊದಲನೆಯವಳು, ಕೇಟ್ಲಿನ್ ಕ್ಲಾರ್ಕ್ ನಾಲ್ಕನೆಯವಳು. ಬ್ಯೂಕರ್ಸ್ ಮೊಣಕಾಲಿಗೆ ಪೆಟ್ಟಾಗಿ 2022-23ರಲ್ಲಿ ಇಡೀ ವರ್ಷ ಆಡಲಿಲ್ಲ. ಕ್ಲಾರ್ಕ್ 2024ರ ಹೊತ್ತಿಗೆ 3951 ಅಂಕ ಗಳಿಸಿ, ಎನ್‌ಸಿಎಎ ಮೊದಲ ವಿಭಾಗದಲ್ಲಿ ಗಂಡು-ಹೆಣ್ಣು ಎಲ್ಲರ ದಾಖಲೆ ಮುರಿದಳು. 2025ರಲ್ಲಿ ಬ್ಯೂಕರ್ಸ್ ತಂಡವೂ ಚಾಂಪಿಯನ್ ಆಯಿತು.

ಅಂದ್ರ ನಂಬರು ಪೂರಾ ಸುಳ್ಳಲ್ಲ. ಅದು ಆ ಹೊತ್ತಿನ ಲೆಕ್ಕ ಅಷ್ಟೇ. ಮುಂದೆ ಅಭ್ಯಾಸ, ಪೆಟ್ಟು, ಆಡಲು ಸಿಗುವ ಅವಕಾಶ ಸೇರಿ ಆಟ ಬದಲಾಗುತ್ತದೆ. ಆದ್ದರಿಂದ ಭಾಲ್ಕಿ ಪಂದ್ಯದಲ್ಲಿ ಆಯ್ಕೆ ಆಗದ ಹುಡುಗಿಯರು ಆಟ ಬಿಡಬ್ಯಾಡ್ರಿ. ಗುರುಗಳೇ, ಅವರಿಗೂ ದಿನಾ ಮೈದಾನದಾಗ ಆಡಲು ಕೊಡ್ರಿ.